ದಫ್ತರದ ದೋಷವೂ ಅದರ ದುರಸ್ತಿಯೂ

ಹಿಂದೆ ಊರಿನ ಜಮೀನು, ಕಂದಾಯ, ಹುಟ್ಟುಸಾವುಗಳ ವಿವರವೆಲ್ಲವೂ ಶಾನುಭೋಗರ ಕಡತಗಳಲ್ಲಿ ಅಡಗಿರುತ್ತಿದ್ದಿತು. ಕಡತಕ್ಕೆ ಗೆದ್ದಲು ಹಿಡಿದರೆ ಅದು ಕಣ್ಣಿಗೆ ಕಾಣುತ್ತಿದ್ದಿತು. ಅಂಕಿಯನ್ನು ಯಾರಾದರೂ ತಿದ್ದಿದರೆ ಮಸಿಯ ಗುರುತು ಉಳಿಯುತ್ತಿದ್ದಿತು. ಇಂದು ಅದೇ ವಿವರಗಳು ಕಂಪ್ಯೂಟರಿನ ಡೇಟಾಬೇಸುಗಳನ್ನು ಸೇರಿಕೊಂಡಿರುವುವು. ಬ್ಯಾಂಕಿನ ಜಮೆ, ಆಸ್ಪತ್ರೆಯ ಚೀಟಿ, ಶಾಲೆಯ ಹಾಜರಿ, ಪುರಸಭೆಯ ತೆರಿಗೆ ಯಾವುದೂ ಇದಕ್ಕೆ ಹೊರತಲ್ಲ. ಇಲ್ಲಿ ಗೆದ್ದಲು ಹಿಡಿದುದು ಕಣ್ಣಿಗೆ ಕಾಣುವುದಿಲ್ಲ. ಬರೆದುದು ಬರೆದಂತೆ ಉಳಿದಿದೆಯೆಂದು ಯಂತ್ರವು ಹೇಳಿದ ಮಾತನ್ನು ನಂಬುವುದಲ್ಲದೆ ಸಾಮಾನ್ಯನಿಗೆ ಬೇರೆ ದಾರಿಯಿಲ್ಲ. ಆದುದರಿಂದ ಆ ಯಂತ್ರದ ಬೆನ್ನಿಗಿರುವ ತಂತ್ರಾಂಶವನ್ನು ಯಾರು ಕಾಯುತ್ತಾರೆ, ಅದರ ತಪ್ಪುಗಳನ್ನು ಯಾರು ತಿದ್ದುತ್ತಾರೆ ಎಂಬ ಪ್ರಶ್ನೆಯು ಕೇವಲ ತಜ್ಞರದಲ್ಲ. ದಫ್ತರವನ್ನು ನಂಬಿ ಬಾಳುವ ಪ್ರತಿಯೊಬ್ಬ ನಾಗರಿಕನದೂ ಹೌದು.

೨೦೧೫ರಲ್ಲಿ ಭಾರತ ಸರ್ಕಾರವು ತನ್ನ ಆಡಳಿತದ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ, ಎಂದರೆ ಮೂಲ ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಆದ್ಯತೆ ಕೊಡತಕ್ಕದ್ದೆಂಬ ನೀತಿಯನ್ನು ಪ್ರಕಟಿಸಿತು. ಇದನ್ನು ಕೇಳಿದ ಅಧಿಕಾರಿಗಳು ಕೆಲವರು ಸಹಜವಾಗಿಯೇ ಒಂದು ಆಕ್ಷೇಪವನ್ನೆತ್ತುವರು. ‘ಬಿಟ್ಟಿ ಸಿಕ್ಕಿದ ಸಾಮಾನಿಗೆ ಹೊಣೆಗಾರರು ಯಾರು? ನಾಳೆ ಲೆಕ್ಕ ತಪ್ಪಿದರೆ ಯಾರನ್ನು ಕೇಳುವುದು?’ ಈ ಆಕ್ಷೇಪವು ಹುರುಳಿಲ್ಲದುದೇನೂ ಅಲ್ಲ. ಆದರೆ ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕುವುದಕ್ಕಿಂತ ನಡೆದ ಸಂಗತಿಗಳಿಂದ ಹುಡುಕುವುದು ಲೇಸು. ಅದಕ್ಕೆ ತಕ್ಕ ಉದಾಹರಣೆ ‘ಪೋಸ್ಟ್‌ಗ್ರೆಸ್‌ಕ್ಯುಎಲ್’ ಎಂಬ ಡೇಟಾಬೇಸಿನದು. ಸಂಕ್ಷೇಪವಾಗಿ ಇದನ್ನು ಪೋಸ್ಟ್‌ಗ್ರೆಸ್ ಎಂದೇ ಕರೆಯುವರು.

ದುರಸ್ತಿಯ ಭಾರ

೧೯೮೬ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್‌ಲಿಯಲ್ಲಿ ಪ್ರೊಫೆಸರ್ ಮೈಕೆಲ್ ಸ್ಟೋನ್‌ಬ್ರೇಕರರು ಈ ಕೆಲಸವನ್ನು ಆರಂಭಿಸಿದರು. ಅದಕ್ಕೆ ಮುಂಚೆ ಅವರು ‘ಇಂಗ್ರೆಸ್’ ಎಂಬುದನ್ನು ಕಟ್ಟಿದ್ದರು. ಅದರ ತರುವಾಯದ್ದಾದುದರಿಂದ ಇದು ಪೋಸ್ಟ್‌ಗ್ರೆಸ್ ಆಯಿತು. ಸಂಶೋಧನೆಗೆಂದು ಹುಟ್ಟಿದ ಈ ಕೃತಿಯನ್ನು ಹೊರಗಿನವರು ಉಪಯೋಗಿಸತೊಡಗಿದರು. ೧೯೯೩ರಲ್ಲಿ ಬಳಕೆದಾರರ ಸಂಖ್ಯೆ ಹೆಚ್ಚುಕಡಮೆ ಇಮ್ಮಡಿಸಿತು. ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚಿದುವು. ಸಂಶೋಧನೆಗೆ ಸಲ್ಲಬೇಕಾದ ಕಾಲವೆಲ್ಲ ದುರಸ್ತಿಯಲ್ಲಿಯೇ ಕಳೆಯುವಂತಾಗಲು, ವಿಶ್ವವಿದ್ಯಾನಿಲಯದವರು ೪.೨ನೆಯ ಆವೃತ್ತಿಯೊಡನೆ ಕೆಲಸವನ್ನು ಮುಗಿಸಿಬಿಟ್ಟರು. ಜನಪ್ರಿಯತೆಯೇ ಮುಳುವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಒಂದು ಕಂಪನಿಯ ಸ್ವತ್ತಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತೋ ಏನೋ. ಆದರೆ ಮೂಲ ಕೋಡು ಎಲ್ಲರಿಗೂ ತೆರೆದಿದ್ದಿತು. ೧೯೯೪ರಲ್ಲಿ ಆಂಡ್ರೂ ಯು, ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯುಎಲ್ ಭಾಷೆಯನ್ನು ಅಳವಡಿಸಿದರು. ಕೋಡನ್ನೆಲ್ಲ ಪ್ರಮಾಣಿತ ಸಿ ಭಾಷೆಗೆ ತಂದು, ಗಾತ್ರದಲ್ಲಿ ಕಾಲು ಭಾಗವನ್ನು ಇಳಿಸಿದರು. ೧೯೯೬ರಲ್ಲಿ ಮಾರ್ಕ್ ಫೋರ್ನಿಯರ್, ಬ್ರೂಸ್ ಮೊಮ್ಜಿಯನ್, ವಾಡಿಂ ಮಿಖೇವ್ ಮೊದಲಾದವರು ವಿಶ್ವವಿದ್ಯಾನಿಲಯದ ಹೊರಗೆ ನಿಂತು ಅದರ ಭಾರವನ್ನು ಹೊತ್ತರು. ಈ ಸಂಧಿಕಾಲದಲ್ಲಿ ಹೊಸ ಅಲಂಕಾರಗಳಿಗಿಂತ ಮೊದಲು ಗಮನ ಬಿದ್ದುದು, ಬಳುವಳಿಯಾಗಿ ಬಂದ ಕೋಡಿನಲ್ಲಿರುವ ದೋಷಗಳೇನು, ಅವು ಏಕೆ ಆಗುತ್ತಿವೆ ಎಂಬುದನ್ನು ಅರಿಯುವುದರ ಕಡೆಗೆ. ಹಳೆಯ ಮನೆಯನ್ನು ಕೊಂಡ ಸಂಸಾರಸ್ಥನು ಸುಣ್ಣಬಣ್ಣಕ್ಕೆ ಮುಂಚೆ ಅಟ್ಟದ ತೊಲೆಗಳನ್ನು ತಟ್ಟಿ ನೋಡುವಂತೆ ಅವರು ನಡೆದುಕೊಂಡರು.

ಯಂತ್ರಕ್ಕೊಂದು ರೂಢಿ

ದೋಷಗಳಲ್ಲಿ ಎರಡು ಬಗೆಯುಂಟು. ಬರೆದವನ ಲೆಕ್ಕವೇ ತಪ್ಪಿರುವುದು ಮೊದಲನೆಯದು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ತಂತ್ರಾಂಶವು ಇನ್ನೊಂದು ಯಂತ್ರದಲ್ಲಿ ಎಡವುವುದು ಎರಡನೆಯದು. ಈ ಎರಡನೆಯದೇ ಹೆಚ್ಚು ಕಪಟವಾದುದು. ಏಕೆಂದರೆ ಬರೆದವನ ಮೇಜಿನ ಮೇಲೆ ಅದು ಎಂದಿಗೂ ಕಾಣಿಸಿಕೊಳ್ಳದು.

ಒಂದು ದೃಷ್ಟಾಂತ. ಕನ್ನಡದಲ್ಲಿ ನಾವು ‘ಇಪ್ಪತ್ತೈದು’ ಎನ್ನುತ್ತೇವೆ. ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಸಂಸ್ಕೃತದಲ್ಲಿ ‘ಪಂಚವಿಂಶತಿ’ ಎನ್ನುವರು; ಬಿಡಿ ಮೊದಲು, ಇಪ್ಪತ್ತು ಆಮೇಲೆ. ಬೆಲೆ ಒಂದೇ, ಕ್ರಮ ಬೇರೆ. ಅದರಂತೆಯೇ ಇಂಟೆಲ್ ಜಾತಿಯ ಯಂತ್ರಗಳು ಸಂಖ್ಯೆಯ ಕಿರಿಯ ಭಾಗವನ್ನು ಮೊದಲಿಗಿಡುತ್ತವೆ. ಐಬಿಎಂ ಸಂಸ್ಥೆಯ ಮೇನ್‌ಫ್ರೇಮ್ ಯಂತ್ರಗಳು ಹಿರಿಯ ಭಾಗವನ್ನು ಮೊದಲಿಗಿಡುತ್ತವೆ. ಒಂದರ ಕಡತವನ್ನು ಹಾಗೆಯೇ ಎತ್ತಿ ಇನ್ನೊಂದಕ್ಕೆ ಕೊಟ್ಟರೆ ಅಂಕಿಗಳೆಲ್ಲ ತಲೆಕೆಳಗು. ಪೋಸ್ಟ್‌ಗ್ರೆಸಿನ ಕಡತಗಳನ್ನು ಒಂದು ಜಾತಿಯ ಯಂತ್ರದಿಂದ ಮತ್ತೊಂದಕ್ಕೆ ನಕಲುಮಾಡಿ ಒಯ್ಯಬಾರದು, ವಿವರವನ್ನೆಲ್ಲ ಪಠ್ಯರೂಪದಲ್ಲಿ ಇಳಿಸಿಕೊಂಡೇ ಒಯ್ಯಬೇಕು ಎಂಬ ನಿಯಮಕ್ಕೆ ಇದೂ ಒಂದು ಕಾರಣ.

ಯಂತ್ರದ ಮಾತು ಹಾಗಿರಲಿ. ಅದನ್ನು ಆಳುವ ಆಪರೇಟಿಂಗ್ ಸಿಸ್ಟಂಗಳ ರೂಢಿಗಳು ಇನ್ನೂ ಭಿನ್ನ. ಪೋಸ್ಟ್‌ಗ್ರೆಸ್ ಹುಟ್ಟಿ ಬೆಳೆದುದು ಯೂನಿಕ್ಸ್ ಮನೆತನದಲ್ಲಿ. ಅಲ್ಲಿ ಓಡುತ್ತಿರುವ ಒಂದು ಕಾರ್ಯಕ್ರಮವು ತನ್ನಂತೆಯೇ ಇರುವ ಇನ್ನೊಂದನ್ನು ಕ್ಷಣಮಾತ್ರದಲ್ಲಿ ಕವಲೊಡೆಸಬಲ್ಲುದು. ಬಂದ ಪ್ರತಿಯೊಬ್ಬ ಗಿರಾಕಿಗೂ ಒಬ್ಬೊಬ್ಬ ಗುಮಾಸ್ತನನ್ನು ಪೋಸ್ಟ್‌ಗ್ರೆಸ್ ನೇಮಿಸುವುದು ಹೀಗೆಯೇ. ವಿಂಡೋಸಿನಲ್ಲಿ ಈ ಕವಲೊಡೆಯುವ ಪದ್ಧತಿಯಿಲ್ಲ. ಅಲ್ಲಿ ಹೊಸ ಗುಮಾಸ್ತನನ್ನು ಬರಿಗೈಯಲ್ಲಿ ಕರೆತಂದು, ಅವನಿಗೆ ಕೀಲಿಕೈಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಬೇಕು. ಒಬ್ಬರು ತೆರೆದಿಟ್ಟ ಕಡತವನ್ನು ಮತ್ತೊಬ್ಬರು ತೆಗೆದುಹಾಕುವುದಕ್ಕೂ ಯೂನಿಕ್ಸಿನಲ್ಲಿರುವ ಸಲಿಗೆ ಅಲ್ಲಿಲ್ಲ. ಇಂತಹ ತೊಡಕುಗಳನ್ನೆಲ್ಲ ಬಿಡಿಸಿ, ಪೋಸ್ಟ್‌ಗ್ರೆಸ್ ಯಾವ ಊರೆಗೋಲೂ ಇಲ್ಲದೆ ವಿಂಡೋಸಿನ ಮೇಲೆ ನಿಂತುದು ೨೦೦೫ರ ಜನವರಿಯಲ್ಲಿ, ೮.೦ನೆಯ ಆವೃತ್ತಿಯಲ್ಲಿ.

ಪ್ರಾಣಿಗಳ ಹೆಸರಿನ ಯಂತ್ರಗಳು

ಇಷ್ಟು ಬಗೆಯ ಯಂತ್ರಗಳನ್ನು ಒಬ್ಬನೇ ಕೊಂಡು ಇಟ್ಟುಕೊಳ್ಳುವುದು ಅಸಾಧ್ಯ. ಇದಕ್ಕೆ ಆಂಡ್ರೂ ಡನ್‌ಸ್ಟನ್ ಎಂಬವರು ಕಂಡುಹಿಡಿದ ಉಪಾಯವು ಬಹಳ ಸರಳವಾದುದು. ಲೋಕದ ನಾನಾ ಕಡೆಗಳಲ್ಲಿ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳನ್ನು ಈ ಕೆಲಸಕ್ಕೆ ಬಿಟ್ಟುಕೊಡುವರು. ಕೋಡಿನಲ್ಲಿ ಯಾವುದೊಂದು ಬದಲಾವಣೆಯಾದರೂ ಈ ಯಂತ್ರಗಳು ಹೊಸ ಕೋಡನ್ನು ತಾವಾಗಿಯೇ ತರಿಸಿಕೊಂಡು, ಕಟ್ಟಿ, ಪರೀಕ್ಷೆಗಳನ್ನು ನಡೆಸಿ, ಪಾಸೋ ಫೇಲೋ ಎಂಬುದನ್ನು ಒಂದೆಡೆಗೆ ವರದಿಮಾಡುವುವು. ಇದಕ್ಕೆ ‘ಬಿಲ್ಡ್‌ಫಾರ್ಮ್’ ಎಂದು ಹೆಸರು. ಫಾರ್ಮ್ ಎಂದ ಮೇಲೆ ಪ್ರಾಣಿಗಳು ಬೇಡವೆ? ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರು. ಹ್ಯೂಲೆಟ್‌-ಪ್ಯಾಕರ್ಡ್ ಸಂಸ್ಥೆಯ ಅತಿ ಹಳೆಯ ಯಂತ್ರವೊಂದು ಬಹುಕಾಲ ‘ಗೌರ್’ ಎಂಬ ಹೆಸರಿನಿಂದ ಈ ಹಿಂಡಿನಲ್ಲಿದ್ದಿತು. ಗೌರ್ ಎಂದರೆ ನಮ್ಮ ಮಲೆನಾಡಿನ ಕಾಟಿಯೇ.

ಹಳೆಯ ಯಂತ್ರದಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಎಲ್ಲರೂ ಬಳಸುವ ಯಂತ್ರವು ಕ್ಷಮಿಸಿಬಿಡುವ ತಪ್ಪನ್ನು ವಿಚಿತ್ರವಾದ ಯಂತ್ರವು ಕ್ಷಮಿಸುವುದಿಲ್ಲ. ಇದೇ ಅದರ ಪ್ರಯೋಜನ. ಇಂಟೆಲ್ ಯಂತ್ರದಲ್ಲಿ ಬರೆಹಗಳು ಬಹುಮಟ್ಟಿಗೆ ಬರೆದ ಕ್ರಮದಲ್ಲಿಯೇ ಇತರರಿಗೆ ಕಾಣುವುವು. ಆರ್ಮ್, ಪವರ್ ಮೊದಲಾದ ಜಾತಿಗಳಲ್ಲಿ ಆ ಕ್ರಮವು ಏರುಪೇರಾಗಲು ಅವಕಾಶ ಹೆಚ್ಚು. ಬೀಗ ಹಾಕುವುದರಲ್ಲಿ ಕೋಡು ಎಲ್ಲಿಯಾದರೂ ಅಜಾಗರೂಕವಾಗಿದ್ದರೆ ಅಲ್ಲಿ ಒಡನೆಯೇ ಬಯಲಾಗುವುದು. ಇಂದು ಆರ್ಮ್ ಯಂತ್ರಗಳು ಎಲ್ಲೆಲ್ಲಿಯೂ ಹಬ್ಬಿರುವಾಗ, ಹಿಂದೆ ಅಪರೂಪದ ಯಂತ್ರಗಳ ಮೇಲೆ ಪಟ್ಟ ಪಾಡಿನ ಫಲವು ಈಗ ಎಲ್ಲರಿಗೂ ದೊರೆಯುತ್ತಿದೆ.

ಆದರೂ ಔದಾರ್ಯಕ್ಕೆ ಮಿತಿಯುಂಟು. ೨೦೨೩ರ ೧೬ನೆಯ ಆವೃತ್ತಿಯಲ್ಲಿ ಎಚ್‌ಪಿ-ಯುಎಕ್ಸ್ ಎಂಬ ವ್ಯವಸ್ಥೆಯನ್ನೂ, ೨೦೨೪ರ ೧೭ನೆಯ ಆವೃತ್ತಿಯಲ್ಲಿ ಐಬಿಎಂ ಸಂಸ್ಥೆಯ ಎಐಎಕ್ಸ್ ಅನ್ನೂ ಕೈಬಿಡಲಾಯಿತು. ಎಐಎಕ್ಸ್ ವಿಷಯದಲ್ಲಿ ಕೊಟ್ಟ ಕಾರಣವು ಮುಚ್ಚುಮರೆಯಿಲ್ಲದುದು: ಕೇಳುವವರು ಕಡಮೆ, ಅದರ ವಿಲಕ್ಷಣಗಳಿಗಾಗಿ ಮಾಡಿದ ತೇಪೆಗಳು ಹೆಚ್ಚು, ಹೊಣೆ ಹೊತ್ತು ನೋಡಿಕೊಳ್ಳುವವರು ಮುಂದೆ ಬರಲಿಲ್ಲ. ನೋಡಿಕೊಳ್ಳುವವರಿಲ್ಲದ ಬಾಗಿಲನ್ನು ತೆರೆದಿಡುವುದಕ್ಕಿಂತ ಮುಚ್ಚುವುದೇ ಲೇಸೆಂಬುದು ಅವರ ನಿಲವು.

ಇಪ್ಪತ್ತು ವರ್ಷಗಳ ತಪ್ಪು

ಈಗ ಹೇಳತಕ್ಕ ಸಂಗತಿಯು ಎಲ್ಲಕ್ಕಿಂತಲೂ ಗಂಭೀರವಾದುದು. ವ್ಯಾಪಾರಿಗಳ ಅಂಗಡಿಯಲ್ಲಿ ಕಿರ್ದಿ, ಖತಾವಣಿ ಎಂಬ ಎರಡು ಪುಸ್ತಕಗಳಿರುವುದನ್ನು ವಾಚಕರು ಬಲ್ಲರು. ನಡೆದ ವ್ಯವಹಾರವನ್ನು ಒಡನೆಯೇ ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಖತಾವಣಿಗೆ ಇಳಿಸುವರು. ಪೋಸ್ಟ್‌ಗ್ರೆಸ್ ೨೦೦೧ರ ೭.೧ನೆಯ ಆವೃತ್ತಿಯಿಂದ ಇದೇ ಪದ್ಧತಿಯನ್ನು ಅನುಸರಿಸುತ್ತ ಬಂದಿದೆ. ವಿದ್ಯುತ್ತು ಹೋಗಿ ಯಂತ್ರ ನಿಂತರೂ, ಕಿರ್ದಿಯನ್ನು ನೋಡಿ ಖತಾವಣಿಯನ್ನು ಸರಿಪಡಿಸಬಹುದು. ಖತಾವಣಿಗೆ ಇಳಿದುದು ಖಚಿತವಾದ ಮೇಲೆ ಕಿರ್ದಿಯ ಹಳೆಯ ಹಾಳೆಗಳನ್ನು ತೆಗೆದುಹಾಕುವರು.

ಖಚಿತವಾಯಿತೆಂದು ತಿಳಿಯುವುದು ಹೇಗೆ? ಬರೆದುದೆಲ್ಲವನ್ನೂ ಆಪರೇಟಿಂಗ್ ಸಿಸ್ಟಂ ಮೊದಲು ತನ್ನ ನೆನಪಿನಲ್ಲಿಟ್ಟುಕೊಂಡು, ಅನುಕೂಲವಾದಾಗ ಡಿಸ್ಕಿಗೆ ಬರೆಯುವುದು. ‘ಎಲ್ಲವೂ ಡಿಸ್ಕಿಗೆ ಸೇರಿತೆ?’ ಎಂದು ಕೇಳುವ ಆಜ್ಞೆಗೆ ‘ಎಫ್‌ಸಿಂಕ್’ ಎಂದು ಹೆಸರು. ಸೇರಲಿಲ್ಲವೆಂಬ ಉತ್ತರ ಬಂದರೆ ಪೋಸ್ಟ್‌ಗ್ರೆಸ್ ಸ್ವಲ್ಪ ಹೊತ್ತು ಬಿಟ್ಟು ಪುನಃ ಕೇಳುತ್ತಿದ್ದಿತು; ಎರಡನೆಯ ಸಲ ‘ಸೇರಿತು’ ಎಂದರೆ ಕಿರ್ದಿಯ ಹಾಳೆಯನ್ನು ಹರಿದುಹಾಕುತ್ತಿದ್ದಿತು. ನೋಡುವುದಕ್ಕೆ ಇದರಲ್ಲಿ ತಪ್ಪೇನೂ ಇಲ್ಲ.

೨೦೧೮ರ ಮಾರ್ಚಿಯಲ್ಲಿ ಕ್ರೇಗ್ ರಿಂಗರ್ ಎಂಬ ಪೋಸ್ಟ್‌ಗ್ರೆಸ್ ಕೆಲಸಗಾರರು ಒಂದು ಭಯಂಕರ ಸತ್ಯವನ್ನು ಹೊರಗೆಡಹಿದರು. ಡಿಸ್ಕಿಗೆ ಬರೆಯಲಾಗದೆ ಹೋದಾಗ ಲಿನಕ್ಸ್ ವ್ಯವಸ್ಥೆಯು ಆ ಸುದ್ದಿಯನ್ನು ಒಮ್ಮೆ ಹೇಳಿ, ಬರೆಯಲಾಗದ ಹಾಳೆಯನ್ನು ‘ಚೊಕ್ಕಟವಾಗಿದೆ’ ಎಂದು ಗುರುತುಹಾಕಿ ಮರೆತುಬಿಡುತ್ತಿದ್ದಿತು. ಎರಡನೆಯ ಸಲ ಕೇಳಿದರೆ ಬಾಕಿಯೇನೂ ಇಲ್ಲವೆಂದು ಅದು ಉತ್ತರಿಸುವುದು. ಪೋಸ್ಟ್‌ಗ್ರೆಸ್ ಇದನ್ನು ನಂಬಿ ಕಿರ್ದಿಯನ್ನು ಹರಿಯುವುದು. ಖತಾವಣಿಯಲ್ಲಿಯೂ ಇಲ್ಲ, ಕಿರ್ದಿಯಲ್ಲಿಯೂ ಇಲ್ಲ, ಲೆಕ್ಕವೇ ಮಾಯ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಾದರೋ, ಬರೆಯಲಾಗದ ಹಾಳೆಯನ್ನು ಬಾಕಿಯೆಂದೇ ಉಳಿಸಿಕೊಳ್ಳುವರು. ಅಲ್ಲಿ ಪುನಃ ಕೇಳುವುದು ಸರಿಯಾದ ನಡತೆ. ಆಜ್ಞೆಯ ಹೆಸರು ಒಂದೇ, ಅರ್ಥ ಎರಡು. ಹೀಗೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಪೋಸ್ಟ್‌ಗ್ರೆಸ್ ಒಂದು ತಪ್ಪು ನಂಬಿಕೆಯ ಮೇಲೆ ನಡೆದಿದ್ದಿತು.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಆಮೇಲೆ ನಡೆದುದು. ತಪ್ಪು ಲಿನಕ್ಸಿನದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿದ್ದಿತು. ಎರಡು ಕಡೆಯವರ ನಡುವೆ ವಾದವೂ ನಡೆಯದೆ ಇರಲಿಲ್ಲ. ಆದರೆ ಚರ್ಚೆಯೆಲ್ಲವೂ ಬಹಿರಂಗವಾಗಿ ನಡೆದು, ಪೋಸ್ಟ್‌ಗ್ರೆಸಿನವರು ತಮ್ಮ ನಡತೆಯನ್ನೇ ಬದಲಾಯಿಸಿಕೊಂಡರು. ‘ಸೇರಲಿಲ್ಲ’ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದೊಡನೆ ಎರಡನೆಯ ಸಲ ಕೇಳುವುದೇ ಇಲ್ಲ; ಕೆಲಸವನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಕಿರ್ದಿಯನ್ನು ಮೊದಲಿನಿಂದ ಓದಿ ಖತಾವಣಿಯನ್ನು ಕಟ್ಟಿಕೊಳ್ಳುವುದು. ೨೦೧೯ರ ಫೆಬ್ರವರಿ ೧೪ರಂದು ಈ ತಿದ್ದುಪಡಿಯನ್ನು ಹೊಸ ಆವೃತ್ತಿಗೆ ಮಾತ್ರವಲ್ಲದೆ, ಆಗ ಆಸರೆಯಲ್ಲಿದ್ದ ಹಳೆಯ ಆವೃತ್ತಿಗಳಿಗೆಲ್ಲ ಹಂಚಿದರು. ಅಂಗಡಿಯ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿದರೂ ಚಿಂತೆಯಿಲ್ಲ, ಸುಳ್ಳು ಲೆಕ್ಕ ನಿಲ್ಲಬಾರದೆಂಬುದು ಇದರ ತಾತ್ಪರ್ಯ.

ಅಕ್ಷರಗಳ ಸಾಲು

ಅದೇ ೨೦೧೮ರಲ್ಲಿ ಇನ್ನೊಂದು ತೊಂದರೆಯು ಹೊರಗಿನಿಂದ ಬಂದೊದಗಿತು. ಕನ್ನಡಿಗರಿಗೆ ಇದು ಹತ್ತಿರದ ವಿಷಯ. ಡೇಟಾಬೇಸಿನಲ್ಲಿ ಹೆಸರುಗಳನ್ನು ಬೇಗ ಹುಡುಕುವುದಕ್ಕಾಗಿ ನಿಘಂಟಿನಂತೆ ಅಕ್ಷರಕ್ರಮದ ಸೂಚಿಯನ್ನು ಕಟ್ಟಿಡುವರು. ಯಾವ ಅಕ್ಷರದ ಮುಂದೆ ಯಾವುದು ಬರಬೇಕೆಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮನ್ನೇ ಕೇಳುತ್ತಿದ್ದಿತು. ಲಿನಕ್ಸಿನಲ್ಲಿ ಅದನ್ನು ಹೇಳುವ ‘ಜಿಲಿಬ್‌ಸಿ’ ಎಂಬ ಗ್ರಂಥಾಲಯವು ತನ್ನ ೨.೨೮ನೆಯ ಆವೃತ್ತಿಯಲ್ಲಿ ಅಂತರರಾಷ್ಟ್ರೀಯ ಪ್ರಮಾಣಕ್ಕೆ ಸರಿಹೊಂದುವಂತೆ ಈ ಕ್ರಮವನ್ನು ಪರಿಷ್ಕರಿಸಿತು. ಇಂಗ್ಲಿಷ್ ಕ್ರಮದಲ್ಲಿಯೇ, ‘ಒಂದು ಗೆರೆ ಒಂದು’ ಎಂಬ ಮನೆ ನಂಬರು ಮೊದಲು ‘ಹನ್ನೊಂದ’ರ ಹಿಂದೆ ನಿಲ್ಲುತ್ತಿದ್ದುದು ಈಗ ಮುಂದೆ ಬಂದಿತು. ಪರಿಷ್ಕಾರವು ಸರಿಯಾದುದೇ. ಆದರೆ ಸೂಚಿಯು ಹಳೆಯ ಕ್ರಮದಲ್ಲಿದ್ದು, ಹುಡುಕುವವನು ಹೊಸ ಕ್ರಮದಲ್ಲಿ ಹುಡುಕಿದರೆ ಇರುವ ಹೆಸರೂ ಸಿಕ್ಕುವುದಿಲ್ಲ. ಇಲ್ಲವೆಂದು ಭಾವಿಸಿ ಮತ್ತೊಮ್ಮೆ ಬರೆದರೆ ಒಬ್ಬನೇ ಮನುಷ್ಯನು ಎರಡು ಬಾರಿ ದಾಖಲಾಗುವನು. ಆಪರೇಟಿಂಗ್ ಸಿಸ್ಟಮನ್ನು ನವೀಕರಿಸಿದ ಎಷ್ಟೋ ದಫ್ತರಗಳು ಸೂಚಿಗಳನ್ನೆಲ್ಲ ಪುನಃ ಕಟ್ಟಬೇಕಾಯಿತು.

ಕನ್ನಡದ ಪಾಡೇನು? ೧೯೯೧ರಲ್ಲಿ ಯೂನಿಕೋಡ್ ನಮ್ಮ ಲಿಪಿಗೆ ಸಂಖ್ಯೆಗಳನ್ನು ಕೊಟ್ಟಾಗ, ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟಾಗಿದ್ದ ಇಸ್ಕಿ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡರು. ಅದರಿಂದಾಗಿ ಳಕಾರಕ್ಕೆ ಲಕಾರದ ಪಕ್ಕದಲ್ಲಿ, ವಕಾರಕ್ಕೆ ಮುಂಚೆ ಸ್ಥಾನ ದೊರೆಯಿತು. ನಮ್ಮ ವರ್ಣಮಾಲೆಯಲ್ಲಾದರೋ ಳಕಾರವು ಹಕಾರದ ಆಚೆಗಿರುವುದು. ಬರಿಯ ಸಂಖ್ಯೆಯ ಕ್ರಮದಲ್ಲಿ ಊರುಗಳ ಪಟ್ಟಿಮಾಡಿದರೆ ‘ಬಳ್ಳಾರಿ’ ಮೊದಲು, ‘ಬಸವನಗುಡಿ’ ಆಮೇಲೆ ಬರುವುದು. ಶಾಲೆಯ ಹುಡುಗನೂ ಇದನ್ನು ತಪ್ಪೆನ್ನುವನು. ಸರಿಯಾದ ಕ್ರಮ ಬೇಕಾದರೆ ಭಾಷೆಯ ನಿಯಮಗಳ ಕೋಷ್ಟಕವನ್ನು ಆಶ್ರಯಿಸಬೇಕು. ಆ ಕೋಷ್ಟಕವು ಕಾಲಕಾಲಕ್ಕೆ ಪರಿಷ್ಕೃತವಾಗುವುದು. ಪರಿಷ್ಕೃತವಾದರೆ ಸೂಚಿ ಕೆಡುವುದು. ಶುದ್ಧವಾದ ಕ್ರಮ ಬೇಕೋ ಬದಲಾಗದ ಕ್ರಮ ಬೇಕೋ ಎಂಬ ಇಕ್ಕಟ್ಟು ಇದು.

ಪೋಸ್ಟ್‌ಗ್ರೆಸಿನವರು ಎರಡಕ್ಕೂ ದಾರಿ ಮಾಡಿರುವರು. ೨೦೧೭ರ ೧೦ನೆಯ ಆವೃತ್ತಿಯಿಂದ ‘ಐಸಿಯು’ ಎಂಬ ಸ್ವತಂತ್ರ ಭಾಷಾನಿಯಮಗಳ ಗ್ರಂಥಾಲಯವನ್ನು ಆರಿಸಿಕೊಳ್ಳಬಹುದಾಯಿತು. ಕ್ರಮದ ಆವೃತ್ತಿಯನ್ನು ದಾಖಲಿಸಿಟ್ಟುಕೊಂಡು, ಬದಲಾದಾಗ ಎಚ್ಚರಿಕೆ ಕೊಡುವ ಏರ್ಪಾಡಾಯಿತು. ೨೦೨೪ರ ೧೭ನೆಯ ಆವೃತ್ತಿಯಲ್ಲಿ ಹೊರಗಿನ ಯಾರನ್ನೂ ಕೇಳದ, ಸಂಖ್ಯೆಯ ಕ್ರಮವನ್ನೇ ಅನುಸರಿಸುವ ಒಳಗಿನದೇ ಆದ ಏರ್ಪಾಡೊಂದು ಸೇರಿತು. ಹುಡುಕುವ ಸೂಚಿಗೆ ಸ್ಥಿರವಾದ ಕ್ರಮವನ್ನೂ, ಜನರು ಓದುವ ಪಟ್ಟಿಗೆ ವರ್ಣಮಾಲೆಯ ಕ್ರಮವನ್ನೂ ಇಡುವುದು ವಿವೇಕ. ಆದರೆ ಕನ್ನಡದ ದಫ್ತರಗಳಲ್ಲಿ ಇದನ್ನು ಯಾರಾದರೊಬ್ಬರು ಕುಳಿತು ನಿರ್ಧರಿಸಬೇಕು. ಯಂತ್ರವು ತಾನಾಗಿ ನಿರ್ಧರಿಸಲಾರದು.

ತಿದ್ದುಪಡಿಯ ತಿದ್ದುಪಡಿ

ಇಷ್ಟೆಲ್ಲ ಓದಿದ ಮೇಲೆ ಪೋಸ್ಟ್‌ಗ್ರೆಸಿನವರು ತಪ್ಪೇ ಮಾಡದವರೆಂದು ಯಾರೂ ಭಾವಿಸಬೇಕಾಗಿಲ್ಲ. ೨೦೨೪ರ ನವೆಂಬರ್ ೧೪ರಂದು ಹೊರಟ ತಿದ್ದುಪಡಿಗಳೇ ಹೊಸ ತೊಂದರೆಯನ್ನು ತಂದುವು. ಒಳಗಿನ ಒಂದು ರಚನೆಯ ಅಳತೆ ಬದಲಾದುದರಿಂದ, ಅದನ್ನು ನಂಬಿ ಮೊದಲೇ ಕಟ್ಟಿದ್ದ ಉಪಾಂಗಗಳು ಕೆಲವು ಮುರಿದುಬೀಳುವ ಸ್ಥಿತಿಗೆ ಬಂದುವು. ಭದ್ರತೆಗಾಗಿ ಮಾಡಿದ ಮತ್ತೊಂದು ತಿದ್ದುಪಡಿಯು ಬಳಕೆದಾರರ ಅಧಿಕಾರವನ್ನು ಗೊತ್ತುಪಡಿಸುವ ಒಂದು ಸೌಕರ್ಯವನ್ನು ಕೆಡಿಸಿತು. ನಿಗದಿಯಾದ ಮುಂದಿನ ತಾರೀಖನ್ನು ಕಾಯದೆ, ಒಂದೇ ವಾರದಲ್ಲಿ, ನವೆಂಬರ್ ೨೧ರಂದು, ಎರಡನ್ನೂ ಸರಿಪಡಿಸಿ ಹೊಸ ಆವೃತ್ತಿಗಳನ್ನು ಹೊರಡಿಸಿ, ತಪ್ಪು ಯಾವುದೆಂಬುದನ್ನು ಪ್ರಕಟಣೆಯಲ್ಲಿಯೇ ಬರೆದರು.

ಈ ಜಾಗರೂಕತೆಯ ಅಭ್ಯಾಸವು ಒಮ್ಮೆ ಲೋಕಕ್ಕೇ ಉಪಕಾರಮಾಡಿದುದುಂಟು. ೨೦೨೪ರ ಮಾರ್ಚಿಯಲ್ಲಿ ಪೋಸ್ಟ್‌ಗ್ರೆಸಿನ ಕೆಲಸಗಾರರಾದ ಆಂಡ್ರೆಸ್ ಫ್ರಾಯಿಂಡರು ಸೂಕ್ಷ್ಮವಾದ ವೇಗಪರೀಕ್ಷೆಯೊಂದನ್ನು ನಡೆಸುತ್ತಿದ್ದಾಗ, ಯಂತ್ರದೊಳಕ್ಕೆ ಪ್ರವೇಶಿಸುವುದಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡರು. ಅರ್ಧ ಸೆಕೆಂಡೆಂದು ಉಪೇಕ್ಷಿಸದೆ ಜಾಡು ಹಿಡಿದು ಹೋಗಲು, ‘ಎಕ್ಸ್‌ಜಡ್’ ಎಂಬ ಬಹುಬಳಕೆಯ ಉಪಕರಣದಲ್ಲಿ ಯಾರೋ ದುರುದ್ದೇಶದಿಂದ ಹುದುಗಿಸಿದ ಕಳ್ಳಬಾಗಿಲು ಪತ್ತೆಯಾಯಿತು. ಮಾರ್ಚಿ ೨೯ರಂದು ಅವರು ಅದನ್ನು ಬಹಿರಂಗಪಡಿಸದಿದ್ದರೆ ಅನಾಹುತವು ಎಲ್ಲಿಯವರೆಗೆ ಹಬ್ಬುತ್ತಿದ್ದಿತೋ!

ನಮ್ಮ ಕರ್ತವ್ಯ

ಈಗ ಮೊದಲಿನ ಆಕ್ಷೇಪಕ್ಕೆ ಹಿಂದಿರುಗೋಣ. ಹೊಣೆಗಾರರು ಯಾರು? ಪೋಸ್ಟ್‌ಗ್ರೆಸಿನ ಪರವಾನಗಿಯಲ್ಲಿ ಯಾವ ಖಾತರಿಯನ್ನೂ ಕೊಡುವುದಿಲ್ಲವೆಂದೇ ಬರೆದಿದೆ. ಆದರೆ ಖಾತರಿಪತ್ರದಿಂದ ಕಳೆದುಹೋದ ಲೆಕ್ಕವು ಮರಳಿ ಬಾರದು. ತಪ್ಪನ್ನು ಮರೆಮಾಡದೆ ಬರೆಯುವುದು, ಯಾರು ಬೇಕಾದರೂ ಪರೀಕ್ಷಿಸಲು ಬಿಡುವುದು, ತಿದ್ದಿದುದನ್ನು ಹಳೆಯ ಗಿರಾಕಿಗೂ ತಲಪಿಸುವುದು, ಈ ಮೂರು ಇದ್ದಲ್ಲಿ ನಂಬಿಕೆಗೆ ಆಧಾರವುಂಟು. ಹಾಗೆ ನೋಡಿದರೆ ಅರ್ಧ ಹೊಣೆಯು ಬಳಸುವವರ ಮೇಲೆಯೇ ಬೀಳುವುದು.

ಪೋಸ್ಟ್‌ಗ್ರೆಸಿನವರು ವರ್ಷಕ್ಕೊಂದು ದೊಡ್ಡ ಆವೃತ್ತಿಯನ್ನು ಹೊರಡಿಸಿ, ಪ್ರತಿಯೊಂದನ್ನೂ ಐದು ವರ್ಷಗಳ ಕಾಲ ನೋಡಿಕೊಳ್ಳುವರು. ಕನಿಷ್ಠಪಕ್ಷ ಮೂರು ತಿಂಗಳಿಗೊಮ್ಮೆ ತಿದ್ದುಪಡಿಗಳನ್ನು ಕಳುಹುವರು. ‘ನಡೆಯುತ್ತಿದೆಯಲ್ಲ, ಮುಟ್ಟುವುದೇಕೆ?’ ಎಂದು ಅವಧಿ ಮುಗಿದ ಆವೃತ್ತಿಯನ್ನೇ ನೆಚ್ಚಿ ಕುಳಿತ ದಫ್ತರಕ್ಕೆ ಈ ಶ್ರಮದಿಂದ ಏನು ಫಲ? ತಿದ್ದುಪಡಿ ಬಂದೊಡನೆ ಪ್ರಕಟಣೆಯನ್ನು ಓದಿ, ಪ್ರತ್ಯೇಕ ಯಂತ್ರದಲ್ಲಿ ಪರೀಕ್ಷಿಸಿ, ಕಾಲಹರಣ ಮಾಡದೆ ಅಳವಡಿಸತಕ್ಕದ್ದು. ಆಪರೇಟಿಂಗ್ ಸಿಸ್ಟಮನ್ನು ಬದಲಾಯಿಸುವಾಗ ಸೂಚಿಗಳ ವಿಷಯವನ್ನು ಮರೆಯಬಾರದು. ತೆಗೆದಿಟ್ಟ ಪ್ರತಿಯಿಂದ ದಫ್ತರವನ್ನು ನಿಜವಾಗಿಯೂ ಮರಳಿ ಕಟ್ಟಬಹುದೆಂಬುದನ್ನು ಆಗಾಗ ಕಟ್ಟಿಯೇ ನೋಡಬೇಕು. ದೋಷ ಕಂಡರೆ ಯಾವ ಆವೃತ್ತಿ, ಯಾವ ಯಂತ್ರ, ಏನು ಮಾಡಿದಾಗ ಏನಾಯಿತೆಂಬುದನ್ನು ಸ್ಪಷ್ಟವಾಗಿ ಬರೆದು ತಿಳಿಸಬೇಕು. ಗೊಣಗಿ ಸುಮ್ಮನಾಗುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕನ್ನಡದ ಅಕ್ಷರಕ್ರಮದಂತಹ ವಿಷಯಗಳಲ್ಲಂತೂ ಹೊರಗಿನವರು ನಮ್ಮ ಪರವಾಗಿ ತಪ್ಪನ್ನು ಕಂಡುಹಿಡಿಯಲಾರರು. ಬಳ್ಳಾರಿಯು ಬಸವನಗುಡಿಯ ಹಿಂದಿರಬೇಕೋ ಮುಂದಿರಬೇಕೋ ಎಂಬುದು ಬಲ್ಲವರಿಗೆ ಮಾತ್ರ ಕಾಣುವ ದೋಷ. ಬಾಗಿಲು ತೆರೆದಿದೆ, ದೂರನ್ನು ಕೇಳುವವರಿರುವರು. ನಮ್ಮ ಇಲಾಖೆಗಳೂ, ಕಾಲೇಜುಗಳ ತರುಣರೂ ಈ ಕೆಲಸದಲ್ಲಿ ತಮ್ಮ ಪಾಲನ್ನು ಸಲ್ಲಿಸುವರೆಂದು ಆಶಿಸೋಣ.